ಓದುಗರ ಪ್ರಶ್ನೆ: ಕಾರಿನ ಹೆಚ್ಚುವರಿ ಬ್ರೇಕ್ ಲೈಟನ್ನು ಬಿಚ್ಚುವ ಮುನ್ನ

ಈ ಬಾರಿ ಬಂದ ಪತ್ರಗಳಲ್ಲಿ ಬ್ರೇಕ್ ಲೈಟ್‌ಗೆ ಸಂಬಂಧಿಸಿದವೇ ಹೆಚ್ಚಾಗಿರುವುದರಿಂದ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ, ಪತ್ರಗಳನ್ನು ಸ್ವಲ್ಪ ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ಇತ್ತೀಚೆಗೆ ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್ ಕಾರೊಂದನ್ನು ಕೊಂಡಿದ್ದೇನೆ. ಹಿಂದಿನ ಮಾಲೀಕರು ಹಿಂಬದಿ ಗಾಜಿನ ಕೆಳ ಅಂಚಿಗೆ ಉದ್ದನೆಯ ಎಲ್‌ಇಡಿ ಪಟ್ಟಿಯನ್ನು ಅಂಟಿಸಿ, ಬ್ರೇಕ್ ಒತ್ತಿದಾಗ ಅದು ಮಿನುಗುವಂತೆ ಮಾಡಿಸಿದ್ದಾರೆ. ಕಂಪನಿಯವರೇ ಕೊಟ್ಟ ಮೂರನೆಯ ಬ್ರೇಕ್ ಲೈಟ್ ಗಾಜಿನ ಮೇಲ್ಭಾಗದಲ್ಲಿ ಬೇರೆಯಾಗಿ ಇದೆ. ಈ ಪಟ್ಟಿಯ ಸಂಪರ್ಕ ತಪ್ಪಿಸಬೇಕೆಂದಿದ್ದೇನೆ. ವೈರ್ ಕತ್ತರಿಸಿ ಟೇಪ್ ಸುತ್ತಿದರೆ ಸಾಕೇ? ದುಬಾರಿ ಕಾರುಗಳಲ್ಲಿಯೂ ಬ್ರೇಕ್ ಲೈಟ್ ಮಿನುಗುತ್ತದೆ, ಇದರಲ್ಲಿ ತಪ್ಪೇನು ಎಂದು ಮನೆಯಲ್ಲಿ ಕೇಳುತ್ತಿದ್ದಾರೆ.
— ಓದುಗರು, ಶಿವಮೊಗ್ಗ

ಉತ್ತರ: ತೆಗೆಯಬೇಕೆಂಬ ನಿಮ್ಮ ತೀರ್ಮಾನ ಸರಿಯಾಗಿದೆ, ಆದರೆ ವೈರನ್ನು ಕೈಗೆ ಸಿಕ್ಕಲ್ಲಿ ಕತ್ತರಿಸಿ ಬಿಡುವುದು ಸರಿಯಲ್ಲ.

ಮೊದಲು ಮನೆಯವರ ಮಾತಿಗೆ ಉತ್ತರಿಸುತ್ತೇನೆ. ಕೆಲವು ಕಾರುಗಳಲ್ಲಿ ದೀಪ ಮಿನುಗುವುದು ನಿಜ, ಆದರೆ ಅದು ತುರ್ತು ನಿಲುಗಡೆಯ ಸಂಕೇತ. ವಾಹನದ ದೀಪಗಳನ್ನು ಕುರಿತ ವಿಶ್ವಸಂಸ್ಥೆಯ 48ನೇ ನಿಯಮಾವಳಿಯ ಪ್ರಕಾರ, ವೇಗವು ಗಂಟೆಗೆ 50 ಕಿ.ಮೀ.ಗಿಂತ ಹೆಚ್ಚಿರುವಾಗ, ಒಂದೊಂದು ಸೆಕೆಂಡಿಗೆ ಅದು ಗಂಟೆಗೆ 20 ಕಿ.ಮೀ.ಗಿಂತಲೂ ಹೆಚ್ಚು ತಗ್ಗುವಷ್ಟು ಜೋರಾಗಿ ಬ್ರೇಕ್ ಬಿದ್ದಾಗ ಮಾತ್ರ ಆ ದೀಪಗಳು ಸೆಕೆಂಡಿಗೆ ಸುಮಾರು ನಾಲ್ಕು ಬಾರಿಯಂತೆ ಮಿನುಗುತ್ತವೆ. ಹಿಂದೆ ಬರುತ್ತಿರುವವರು ಅದನ್ನು ಅಪರೂಪಕ್ಕೆ ಕಾಣುತ್ತಾರೆ, ಆದ್ದರಿಂದಲೇ ಕಂಡ ಕೂಡಲೇ ಎಚ್ಚರಗೊಳ್ಳುತ್ತಾರೆ. ನಿಮ್ಮ ಕಾರಿನ ಪಟ್ಟಿಯಾದರೋ ರಸ್ತೆ ಉಬ್ಬಿನ ಮುಂದೆಯೂ, ಟೋಲ್ ಸಾಲಿನಲ್ಲಿಯೂ, ಸಿಗ್ನಲ್‌ನಲ್ಲಿ ಬ್ರೇಕ್ ಮೇಲೆ ಕಾಲಿಟ್ಟು ನಿಂತಿರುವಷ್ಟು ಹೊತ್ತೂ ಒಂದೇ ಸಮನೆ ಮಿನುಗುತ್ತಿರುತ್ತದೆ. ಅದರ ಪಕ್ಕದಲ್ಲಿ ನಿಜವಾದ ಇಂಡಿಕೇಟರ್ ಹೊಡೆದುಕೊಳ್ಳುತ್ತಿದ್ದರೂ ಹಿಂದಿನವರಿಗೆ ಅದು ತಟ್ಟನೆ ಬೇರೆಯಾಗಿ ಕಾಣುವುದಿಲ್ಲ. ರಾತ್ರಿ ಮಳೆಯಲ್ಲಿ, ಹಿಂದಿನ ಕಾರಿನ ಮುಂಗಾಜಿನ ಮೇಲೆ ನೀರು ಹರಿಯುತ್ತಿರುವಾಗ, ಈ ಗೊಂದಲ ಇನ್ನೂ ಹೆಚ್ಚುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಕೆಲವು ಪಟ್ಟಿಗಳು ನೀಲಿ, ಬಿಳಿ ಬಣ್ಣಗಳಿಗೂ ಬದಲಾಗುತ್ತವೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಕೆಲವು ನಿರ್ದಿಷ್ಟ ವಿನಾಯಿತಿಗಳನ್ನು ಬಿಟ್ಟರೆ ವಾಹನದ ಹಿಂಬದಿಗೆ ಕೆಂಪಲ್ಲದ ಬೆಳಕನ್ನು ತೋರಿಸುವಂತಿಲ್ಲ.

ಇನ್ನು ವೈರಿಂಗ್‌ನ ವಿಷಯ. ಬ್ರೇಕ್ ಲೈಟ್‌ನ ಸರ್ಕ್ಯೂಟ್ ಬಹಳ ಸರಳವಾದದ್ದು. ಹೆಚ್ಚಿನ ಕಾರುಗಳಲ್ಲಿ ಬ್ಯಾಟರಿಯಿಂದ ಹೊರಟ ವಿದ್ಯುತ್ತು ಒಂದು ಫ್ಯೂಸ್ ದಾಟಿ, ಪೆಡಲ್‌ನ ಮೇಲ್ತುದಿಯಲ್ಲಿರುವ ಬ್ರೇಕ್ ಸ್ವಿಚ್‌ಗೆ ಬರುತ್ತದೆ; ಅಲ್ಲಿಂದ ಎಡ, ಬಲ ಮತ್ತು ಮೇಲಿನ ದೀಪಗಳಿಗೆ ಹೋಗಿ, ಅರ್ಥ್, ಅಂದರೆ ಕರೆಂಟ್ ಮರಳುವ ವೈರಿನ ಮೂಲಕ ಕಾರಿನ ಲೋಹದ ಬಾಡಿಯನ್ನು ಸೇರುತ್ತದೆ. ಎಲ್‌ಇಡಿ ಪಟ್ಟಿ ಎಳೆಯುವ ಕರೆಂಟ್ ಅಲ್ಪ. ತಲಾ 21 ವ್ಯಾಟ್‌ನ ಸಾಮಾನ್ಯ ಬಲ್ಬ್‌ಗಳಿಗೆ ಹೋಲಿಸಿದರೆ ಅದು ಲೆಕ್ಕಕ್ಕೇ ಬಾರದು. ಆದ್ದರಿಂದ ಪಟ್ಟಿಯಿಂದ ಲೋಡ್ ಹೆಚ್ಚಾಗುತ್ತದೆ ಎಂಬ ಭಯ ಬೇಡ. ನಾನು ಅಂಜುವುದು ಅದರ ಜೋಡಣೆಗೆ. ಮೂರು ದೀಪಗಳೂ ಸಾಮಾನ್ಯವಾಗಿ ಒಂದೇ ಫ್ಯೂಸ್‌ನ ಮೇಲೆ ನಿಂತಿರುತ್ತವೆ. ಅಗ್ಗದ ಪಟ್ಟಿಯ ವೈರ್ ಎಲ್ಲೋ ತಗಡಿನ ಅಂಚಿಗೆ ಉಜ್ಜಿ ಶಾರ್ಟ್ ಆಯಿತೆಂದರೆ ಆ ಫ್ಯೂಸ್ ಹೋಗುತ್ತದೆ, ಅದರೊಂದಿಗೆ ಮೂರೂ ಬ್ರೇಕ್ ಲೈಟ್‌ಗಳು ಒಮ್ಮೆಲೇ ಆರುತ್ತವೆ. ಬಲ್ಬ್ ಹೋದರೆ ಎಚ್ಚರಿಸುವ ವ್ಯವಸ್ಥೆ ಇಲ್ಲದ ಕಾರುಗಳಲ್ಲಿ ಚಾಲಕನಿಗೆ ಇದರ ಸುಳಿವೇ ಸಿಗುವುದಿಲ್ಲ. ಹಿಂದಿನಿಂದ ಯಾರಾದರೂ ಬಂದು ಗುದ್ದಿದಾಗಲೇ ತಿಳಿಯಬೇಕಾಗುತ್ತದೆ. ಪಟ್ಟಿಯನ್ನು ಗಾಜಿನ ಬಳಿ ಕತ್ತರಿಸಿ ಟೇಪ್ ಸುತ್ತಿದರೆ ಕರೆಂಟ್ ಇರುವ ಆ ತುಂಡು ವೈರ್ ಒಳಗೇ ಉಳಿಯುತ್ತದೆ, ಅಪಾಯವೂ ಅಲ್ಲೇ ಉಳಿಯುತ್ತದೆ. ಆದ್ದರಿಂದ ಅದನ್ನು ಮೂಲ ವೈರಿಗೆ ಎಲ್ಲಿ ಸೇರಿಸಿದ್ದಾರೋ ಅಲ್ಲಿಯವರೆಗೂ ಹೋಗಿ ಬಿಡಿಸಬೇಕು.

ಕೆಲಸ ಆರಂಭಿಸುವ ಮುನ್ನ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ತೆಗೆಯಿರಿ, ಇಲ್ಲವೇ ಬ್ರೇಕ್ ಲೈಟ್‌ನ ಫ್ಯೂಸನ್ನು ಕಿತ್ತಿಡಿ. ಕೀ ತೆಗೆದಿದ್ದೇನೆ ಎಂಬ ಭರವಸೆ ಸಾಲದು, ಏಕೆಂದರೆ ಬಹುತೇಕ ಕಾರುಗಳಲ್ಲಿ ಕೀ ಇಲ್ಲದೆಯೂ ಬ್ರೇಕ್ ಲೈಟ್ ಉರಿಯುತ್ತದೆ. ಆಮೇಲೆ ಪಟ್ಟಿಯಿಂದ ಹೊರಟ ಎರಡು ಸಣ್ಣ ವೈರ್‌ಗಳನ್ನು ಹಿಂಬಾಲಿಸಿ. ಹೆಚ್ಚಿನ ಸಂದರ್ಭಗಳಲ್ಲಿ ಅವು ಡಿಕ್ಕಿಯ ಬದಿಯ ಪ್ಲಾಸ್ಟಿಕ್ ಕವರ್‌ನ ಹಿಂದೆ ನುಸುಳಿ, ಎಡ ಅಥವಾ ಬಲ ಹಿಂಬದಿ ದೀಪದ ಕಪ್ಲರ್ (ವೈರ್‌ಗಳನ್ನು ಜೋಡಿಸುವ ಪ್ಲಗ್) ಹತ್ತಿರ ನಿಲ್ಲುತ್ತವೆ. ಕವರ್‌ನ ಕ್ಲಿಪ್‌ಗಳನ್ನು ಸ್ಕ್ರೂಡ್ರೈವರ್‌ನಿಂದ ಎಬ್ಬಿದರೆ ಮುರಿಯುತ್ತವೆ. ಚಪ್ಪಟೆ ಪ್ಲಾಸ್ಟಿಕ್ ತುಂಡನ್ನು ಬಳಸಿ.

ಅಲ್ಲಿ ನಿಮಗೆ ಎರಡರಲ್ಲೊಂದು ಕಾಣಿಸುತ್ತದೆ. ಒಂದೋ, ವೈರ್ ಮೇಲೆ ಕಚ್ಚಿ ಕೂರುವ ಸಣ್ಣ ಪ್ಲಾಸ್ಟಿಕ್ ಕ್ಲಿಪ್. ಅಥವಾ ಮೂಲ ವೈರಿನ ಪ್ಲಾಸ್ಟಿಕ್ಕನ್ನು ಬ್ಲೇಡಿನಿಂದ ಸುಲಿದು, ಪಟ್ಟಿಯ ವೈರನ್ನು ಅದಕ್ಕೆ ಹೊಸೆದು, ಮೇಲೆ ಸುತ್ತಿದ ಕಪ್ಪು ಟೇಪ್. ಬೇಸಿಗೆಯ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಆ ಟೇಪಿನ ಅಂಟು ಕರಗಿ, ಟೇಪ್ ಸಡಿಲಗೊಂಡು, ಬೆರಳಿಗೆ ಜಿಗುಟಾಗಿ ಮೆತ್ತಿಕೊಳ್ಳುತ್ತದೆ. ಅದನ್ನು ಪೂರ್ತಿಯಾಗಿ ಬಿಡಿಸಿ ತಾಮ್ರದ ಎಳೆಗಳನ್ನು ಬೆಳಕಿನಲ್ಲಿ ನೋಡಿ. ಎಳೆಗಳು ಕೆಂಪಗೆ ಹೊಳೆಯುತ್ತಿದ್ದು ಒಂದೂ ತುಂಡಾಗಿಲ್ಲದಿದ್ದರೆ, ಪಟ್ಟಿಯ ವೈರನ್ನು ಬಿಚ್ಚಿ, ತೆರೆದ ಭಾಗಕ್ಕೆ ವೈರಿಂಗ್‌ಗೆಂದೇ ಸಿಗುವ ಒಳ್ಳೆಯ ಬಟ್ಟೆ ಟೇಪನ್ನು ಬಿಗಿಯಾಗಿ ಸುತ್ತಿದರೆ ಸಾಕು. ಎಳೆಗಳು ಹಸಿರುಗಟ್ಟಿದ್ದರೆ ಅಥವಾ ಹಲವು ತುಂಡಾಗಿದ್ದರೆ ಆ ಭಾಗವನ್ನು ಕತ್ತರಿಸಿ ತೆಗೆದು, ಹೀಟ್ ಶ್ರಿಂಕ್ ಸ್ಲೀವನ್ನು (ಬಿಸಿಗೆ ಕುಗ್ಗಿ ವೈರನ್ನು ಬಿಗಿಯಾಗಿ ಹಿಡಿಯುವ ಕೊಳವೆ) ಮೊದಲೇ ವೈರಿಗೆ ತೂರಿಸಿಟ್ಟು, ಬೆಸುಗೆ ಹಾಕಿ, ಸ್ಲೀವನ್ನು ಬಿಸಿ ಮಾಡಿ ಮುಚ್ಚಬೇಕು. ಉದ್ದ ಸಾಲದೆ ಎಳೆದಂತಾದರೆ ಅಷ್ಟೇ ದಪ್ಪದ ವೈರ್ ತುಂಡನ್ನು ನಡುವೆ ಸೇರಿಸಿ. ಮಿನುಗಿಸುವ ಪುಟ್ಟ ಮಾಡ್ಯೂಲ್ ದಾರಿಯಲ್ಲಿ ಸಿಕ್ಕರೆ ಅದನ್ನೂ ತೆಗೆಯಿರಿ.

ಪಟ್ಟಿಯ ವೈರ್ ಹಿಂದಕ್ಕೆ ಹೋಗದೆ ಮುಂದೆ, ಬ್ರೇಕ್ ಪೆಡಲ್ ಕಡೆಗೆ ಹೋಗಿದ್ದರೆ ನೀವು ಕೈ ಹಾಕಬೇಡಿ, ಅನುಭವವುಳ್ಳ ಆಟೋ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸಿ. ಇಂದಿನ ಕಾರುಗಳಲ್ಲಿ ಆ ಸ್ವಿಚ್‌ನ ಸಂಕೇತ ದೀಪಕ್ಕಷ್ಟೇ ಸೀಮಿತವಲ್ಲ. ಎಂಜಿನ್‌ನ ಕಂಪ್ಯೂಟರ್, ಕ್ರೂಸ್ ಕಂಟ್ರೋಲ್, ಬಟನ್ ಸ್ಟಾರ್ಟ್ ಮೊದಲಾದವು ಬ್ರೇಕ್ ಒತ್ತಲಾಗಿದೆಯೇ ಎಂಬುದನ್ನು ಅಲ್ಲಿಂದಲೇ ತಿಳಿಯುತ್ತವೆ. ಅನೇಕ ಆಟೋಮ್ಯಾಟಿಕ್ ಕಾರುಗಳಲ್ಲಿ ಬ್ರೇಕ್ ಲೈಟ್‌ನ ಫ್ಯೂಸ್ ಹೋದರೆ ಗೇರ್ ಲಿವರ್ ಪಾರ್ಕಿಂಗ್‌ನಿಂದ ಕದಲದಿರುವುದಕ್ಕೂ ಇದೇ ಕಾರಣ.

ಎಲ್ಲ ಮುಗಿದ ಮೇಲೆ ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದಿರುವ ಆಂಪಿಯರ್‌ಗೂ ಅಲ್ಲಿರುವ ಫ್ಯೂಸ್‌ಗೂ ತಾಳೆ ನೋಡಿ. ಪಟ್ಟಿ ಹಾಕಿಸಿದ ಕಾಲದಲ್ಲಿ ಫ್ಯೂಸ್ ಪದೇ ಪದೇ ಹೋಗಿ, ಯಾರೋ 10ರ ಜಾಗದಲ್ಲಿ 20 ಆಂಪಿಯರ್ ಫ್ಯೂಸ್ ತೂರಿಸಿರಬಹುದು. ಹಾಗಿದ್ದರೆ ಮುಂದೆ ಶಾರ್ಟ್ ಆದಾಗ ಫ್ಯೂಸ್ ಉಳಿದು ವೈರ್ ಸುಡುತ್ತದೆ. ಆಮೇಲೆ ಒಬ್ಬರನ್ನು ಕಾರಿನ ಹಿಂದೆ ನಿಲ್ಲಿಸಿಕೊಂಡು ಬ್ರೇಕ್ ಒತ್ತಿ. ಅದೇ ರೀತಿ ಪಾರ್ಕ್ ಲೈಟ್ ಹಾಕಿ ಒಮ್ಮೆ, ಎರಡೂ ಬದಿಯ ಇಂಡಿಕೇಟರ್ ಹಾಕಿ ಒಮ್ಮೆ ನೋಡಿ. ಬ್ರೇಕ್ ಒತ್ತಿದಾಗ ಮೂರು ದೀಪಗಳು ಒಟ್ಟಿಗೆ ಹತ್ತಬೇಕು, ಬಿಟ್ಟಾಗ ಒಟ್ಟಿಗೆ ಆರಬೇಕು. ಹೊರಗಿನಿಂದ ಹಾಕಿಸಿದ್ದನ್ನು ತೆಗೆದು ಕಾರನ್ನು ಮೊದಲಿನ ಸ್ಥಿತಿಗೆ ತರುತ್ತಿರುವುದರಿಂದ ಇದಕ್ಕೆ ಆರ್‌ಟಿಒ ಕಚೇರಿಯ ಅನುಮತಿ ಬೇಕಿಲ್ಲ.

ಪ್ರಶ್ನೆ: ನನ್ನ ಸೆಡಾನ್ ಕಾರಿನ ಹಿಂಬದಿ ಗಾಜಿನ ಒಳಗೆ ಕಂಪನಿಯೇ ಕೊಟ್ಟ ಮೂರನೆಯ ಬ್ರೇಕ್ ಲೈಟ್ ಇದೆ. ರಾತ್ರಿ ಬ್ರೇಕ್ ಒತ್ತಿದಾಗಲೆಲ್ಲ ಅದರ ಕೆಂಪು ಬೆಳಕು ಗಾಜಿನಲ್ಲಿ ಪ್ರತಿಫಲಿಸಿ ಒಳಗಿನ ಕನ್ನಡಿಗೆ ಬಡಿಯುತ್ತದೆ. ಕೆಳಗಿನ ಎರಡು ದೀಪಗಳು ಚೆನ್ನಾಗಿಯೇ ಉರಿಯುತ್ತಿರುವುದರಿಂದ ಇದರ ಕಪ್ಲರ್ ಕಿತ್ತುಬಿಡಬಹುದೇ?
— ಓದುಗರು, ಬೆಂಗಳೂರು

ಉತ್ತರ: ದಯವಿಟ್ಟು ಕೀಳಬೇಡಿ. ಹಿಂದಿನ ಪತ್ರದ ಪಟ್ಟಿಯೂ ನಿಮ್ಮ ಈ ದೀಪವೂ ಮೇಲುನೋಟಕ್ಕೆ ಹೆಚ್ಚುವರಿಯಾಗಿಯೇ ಕಂಡರೂ ಎರಡೂ ಒಂದೇ ಅಲ್ಲ.

ಕೆಳಗಿನ ಎರಡು ದೀಪಗಳು ರಾತ್ರಿಯಲ್ಲಿ ಪಾರ್ಕ್ ಲೈಟ್ ಆಗಿ ಮೊದಲೇ ಕೆಂಪಗೆ ಉರಿಯುತ್ತಿರುತ್ತವೆ. ಬ್ರೇಕ್ ಒತ್ತಿದಾಗ ಅವುಗಳ ಬೆಳಕು ಹೆಚ್ಚುತ್ತದೆ, ಅಷ್ಟೇ. ಮೇಲಿನ ದೀಪಕ್ಕೆ ಬ್ರೇಕ್ ಹೊರತು ಬೇರೆ ಕೆಲಸವಿಲ್ಲ. ಕತ್ತಲಾಗಿದ್ದ ಜಾಗದಲ್ಲಿ ಹೊಸದಾಗಿ ಬೆಳಕು ಹತ್ತುವುದನ್ನು ಕಣ್ಣು ಬೇಗ ಗ್ರಹಿಸುತ್ತದೆ. ಇದಕ್ಕಿಂತ ಮುಖ್ಯವಾದದ್ದು ಅದರ ಎತ್ತರ. ನಿಮ್ಮ ಹಿಂದಿನ ಕಾರಿನ ಗಾಜುಗಳ ಮೂಲಕ ಅದರ ಹಿಂದಿನ ಚಾಲಕನಿಗೂ ನಿಮ್ಮ ಈ ದೀಪ ಕಾಣುತ್ತದೆ, ಕೆಳಗಿನವು ಕಾಣುವುದಿಲ್ಲ. ಹೊರವರ್ತುಲ ರಸ್ತೆಯಂಥ ಕಡೆ ಕಾರಿಗೆ ಕಾರು ತಾಗುವಷ್ಟು ಹತ್ತಿರ ಸಾಗುವಾಗ, ಮೂರನೆಯ ಕಾರಿನವರು ನಿಮ್ಮನ್ನು ನೋಡಿಯೇ ಕಾಲನ್ನು ಬ್ರೇಕ್‌ಗೆ ತರಲು ಸಾಧ್ಯವಾಗುವುದು ಇದರಿಂದ.

ಈ ದೀಪ ಅಲಂಕಾರಕ್ಕೆಂದು ಬಂದದ್ದಲ್ಲ. 1970ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಟ್ಯಾಕ್ಸಿಗಳಿಗೆ ಹೆಚ್ಚುವರಿ ಎಚ್ಚರಿಕೆ ದೀಪ ಅಳವಡಿಸಿ ಜಾನ್ ವೊಯೆವೊಡ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಪರೀಕ್ಷಿಸಿದಾಗ, ಹಿಂದಿನಿಂದ ಗುದ್ದುವ ಅಪಘಾತಗಳು ಗಣನೀಯವಾಗಿ ಕಡಿಮೆಯಾದದ್ದು ಕಂಡುಬಂದಿತು. ಅದರ ಬೆನ್ನಿಗೆ ಇನ್ನಷ್ಟು ಪರೀಕ್ಷೆಗಳು ನಡೆದು, 1986ರ ಮಾದರಿಯಿಂದ ಅಲ್ಲಿನ ಎಲ್ಲ ಹೊಸ ಕಾರುಗಳಿಗೆ, 1994ರ ಮಾದರಿಯಿಂದ ಲಘು ಟ್ರಕ್‌ಗಳಿಗೆ ಇದು ಕಡ್ಡಾಯವಾಯಿತು. ಎಲ್ಲ ಕಾರುಗಳಲ್ಲೂ ಬಂದು ಜನರ ಕಣ್ಣಿಗೆ ರೂಢಿಯಾದ ಮೇಲೆ ಆರಂಭದ ದೊಡ್ಡ ಲಾಭ ಕುಗ್ಗಿತೆಂಬುದನ್ನೂ ಹೇಳಬೇಕು. ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ 1998ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಉಳಿದ ಲಾಭ ಶೇ 4.3. ಸಂಖ್ಯೆ ಸಣ್ಣದೆನಿಸಬಹುದು. ಆದರೆ ಇಷ್ಟು ಅಗ್ಗದ ಒಂದು ದೀಪ ಹಿಂದಿನಿಂದಾಗುವ ಪ್ರತಿ ನೂರು ಡಿಕ್ಕಿಗಳಲ್ಲಿ ನಾಲ್ಕನ್ನು ತಪ್ಪಿಸುತ್ತದೆಯೆಂದರೆ ಅದನ್ನು ಕೈಯಾರೆ ಕಳೆದುಕೊಳ್ಳಲು ನನಗಂತೂ ಕಾರಣ ಕಾಣುವುದಿಲ್ಲ.

ನಿಮ್ಮ ತೊಂದರೆಯ ಮೂಲ ಬೇರೆ ಕಡೆ ಇರಬೇಕು. ದೀಪದ ಕವಚಕ್ಕೂ ಗಾಜಿಗೂ ನಡುವೆ ಬೆಳಕು ಸೋರದಂತೆ ಕಪ್ಪು ಸ್ಪಂಜ್ ಅಥವಾ ರಬ್ಬರ್ ಅಂಚು ಇರುತ್ತದೆ. ಬಿಸಿಲಿಗೆ ಅದು ಪುಡಿಯಾಗಿ ಉದುರಿದರೂ, ಗಾಜು ಬದಲಿಸುವಾಗ ಕವಚವನ್ನು ಸರಿಯಾಗಿ ಕೂರಿಸದಿದ್ದರೂ ಬೆಳಕು ಒಳಗೆ ಹರಡುತ್ತದೆ. ಕಪ್ಪು ಸ್ಪಂಜ್ ಟೇಪನ್ನು ಅಂಚಿನ ಸುತ್ತ ಅಂಟಿಸಿ ಕವಚವನ್ನು ಗಾಜಿಗೆ ಒತ್ತಿ ಕೂರಿಸಿದರೆ ಬಹುಪಾಲು ಸರಿಹೋಗುತ್ತದೆ. ಗಾಜಿಗೆ ಫಿಲ್ಮ್ ಅಂಟಿಸಿದ್ದರೆ, ಅದು ದೀಪದ ಮುಂದೆಯೂ ಹಾದುಹೋಗಿದೆಯೇ ನೋಡಿ. ಹಾಗಿದ್ದಲ್ಲಿ ಹೊರಗೆ ಹೋಗಬೇಕಾದ ಬೆಳಕಿನ ಒಂದು ಪಾಲು ಒಳಕ್ಕೇ ಮರಳುತ್ತದೆ. ಹಿಂಬದಿ ಗಾಜಿನ ಮೂಲಕ ಕನಿಷ್ಠ ಶೇ 70ರಷ್ಟು ಬೆಳಕು ಹಾಯಬೇಕೆಂಬ ನಿಯಮವೂ ಇರುವುದರಿಂದ ಕಡು ಬಣ್ಣದ ಫಿಲ್ಮ್ ಆದರೆ ತೆಗೆಸಿಬಿಡುವುದೇ ಮೇಲು.

ಪ್ರಶ್ನೆ: ಡಿಕ್ಕಿ ಬಾಗಿಲಿನ ಮೇಲಿರುವ ಮೂರನೆಯ ಬ್ರೇಕ್ ಲೈಟ್ ಒಮ್ಮೆ ಉರಿಯುತ್ತದೆ, ಒಮ್ಮೆ ಇಲ್ಲ. ಬಲ್ಬ್ ಬದಲಿಸಿದ್ದಾಯಿತು. ಬಾಗಿಲನ್ನು ಅರ್ಧ ಎತ್ತಿದಾಗ ಉರಿಯುತ್ತದೆ, ಮುಚ್ಚಿದರೆ ಆರುತ್ತದೆ. ಹೊಸ ವೈರನ್ನು ಹೊರಗಿನಿಂದ ಎಳೆದು ಕೊಡುತ್ತೇವೆ ಎಂದು ಮೆಕ್ಯಾನಿಕ್ ಹೇಳುತ್ತಾರೆ.
— ಓದುಗರು, ಹಾಸನ

ಉತ್ತರ: ನಿಮ್ಮ ವಿವರಣೆಯಲ್ಲೇ ಉತ್ತರ ಇದೆ. ಛಾವಣಿಯಿಂದ ಬಾಗಿಲಿಗೆ ಹೋಗುವ ವೈರ್‌ಗಳು ಕೀಲಿನ ಬಳಿ, ಸುಕ್ಕುಸುಕ್ಕಾದ ಒಂದು ಕಪ್ಪು ರಬ್ಬರ್ ಕೊಳವೆಯೊಳಗೆ ಹಾಯುತ್ತವೆ. ಬಾಗಿಲು ತೆರೆದು ಮುಚ್ಚಿದ ಪ್ರತಿ ಸಲವೂ ಅವು ಒಂದೇ ಜಾಗದಲ್ಲಿ ಮಡಿಯುತ್ತವೆ. ವರ್ಷಗಳು ಕಳೆದಂತೆ ಮೊದಲು ಮೇಲಿನ ಪ್ಲಾಸ್ಟಿಕ್ ಬಿರಿದು, ಆಮೇಲೆ ಒಳಗಿನ ತಾಮ್ರ ತುಂಡಾಗುತ್ತದೆ. ಕೊಳವೆಯ ಒಂದು ತುದಿಯನ್ನು ತಗಡಿನಿಂದ ಮೆಲ್ಲನೆ ಕಿತ್ತು ಹಿಂದಕ್ಕೆ ಸರಿಸಿದರೆ ಸುಲಿದ ವೈರ್‌ಗಳು ಎದ್ದು ಕಾಣುತ್ತವೆ. ಹಿಂಬದಿ ವೈಪರ್, ಗಾಜಿನ ಮಂಜು ಕರಗಿಸುವ ಡಿಫಾಗರ್, ನಂಬರ್ ಪ್ಲೇಟ್ ದೀಪದ ವೈರ್‌ಗಳೂ ಅನೇಕ ಕಾರುಗಳಲ್ಲಿ ಅಲ್ಲೇ ಇರುತ್ತವೆ. ಇವುಗಳಲ್ಲಿ ಇನ್ನೊಂದು ವೈರ್ ಸುಲಿದು ಬ್ರೇಕ್ ವೈರಿಗೆ ತಾಗಿದರೆ, ಸಂಬಂಧವೇ ಇಲ್ಲದ ದೀಪ ಉರಿಯುವುದು, ಫ್ಯೂಸ್ ಹೋಗುವುದು ಶುರುವಾಗುತ್ತದೆ.

ಹೊರಗಿನಿಂದ ವೈರ್ ಎಳೆಯುವುದಕ್ಕೆ ಒಪ್ಪಬೇಡಿ. ಅದು ಒಂದು ದೀಪವನ್ನು ಉರಿಸುತ್ತದೆಯೇ ಹೊರತು ಕೊಳವೆಯೊಳಗಿನ ಸುಲಿದ ವೈರ್‌ಗಳನ್ನು ಹಾಗೆಯೇ ಬಿಡುತ್ತದೆ. ರಬ್ಬರ್ ಬೀಡಿಂಗ್ ಮೇಲೆ ಹಾದ ವೈರ್ ಜಜ್ಜಿಹೋಗುತ್ತದೆ, ನೀರೂ ಒಳಗೆ ಇಳಿಯುತ್ತದೆ. ಕೊಳವೆಯ ಎರಡೂ ತುದಿಗಳಾಚೆ, ಮಡಿಕೆ ಬೀಳದ ಜಾಗದಲ್ಲಿ ಹಳೆಯ ವೈರ್‌ಗಳನ್ನು ಕತ್ತರಿಸಿ, ನಡುವಿನ ಭಾಗಕ್ಕೆ ಸಿಲಿಕೋನ್ ಹೊದಿಕೆಯ ಮೆತ್ತನೆಯ ವೈರ್‌ಗಳನ್ನು ಸೇರಿಸಬೇಕು. ಬೆಸುಗೆ ಹಾಕಿದ ಜಾಗ ಗಡುಸಾಗುವುದರಿಂದ ಅದು ಮಡಿಕೆಯೊಳಗೆ ಬಂದರೆ ಬೇಗನೇ ಮುರಿಯುತ್ತದೆ. ಒಂದೊಂದೇ ವೈರನ್ನು ಕತ್ತರಿಸಿ, ಸೇರಿಸಿ, ಆಮೇಲೆ ಮುಂದಿನದಕ್ಕೆ ಹೋದರೆ ಬಣ್ಣ ತಪ್ಪುವ ಸಂಭವವಿಲ್ಲ. ಕೆಲವು ಮಾದರಿಗಳಿಗೆ ಕಪ್ಲರ್ ಸಹಿತ ಸಿದ್ಧ ವೈರಿಂಗ್ ತುಂಡೇ ಸಿಗುತ್ತದೆ. ಸಿಕ್ಕರೆ ಅದೇ ಉತ್ತಮ.

ಪ್ರಶ್ನೆ: ಕಾರಿನ ಹಿಂಬದಿಗೆ ಸೈಕಲ್ ಕ್ಯಾರಿಯರ್ ಹಾಕಿಸಿದ್ದೇನೆ. ಎರಡು ಸೈಕಲ್ ಏರಿಸಿದರೆ ದೀಪಗಳು ಮರೆಯಾಗುತ್ತವೆ. ಕ್ಯಾರಿಯರ್ ಮೇಲೊಂದು ಬ್ರೇಕ್ ಲೈಟ್ ಹಾಕಿಕೊಳ್ಳಬಹುದೇ? ವೈರನ್ನು ಎಲ್ಲಿಂದ ತೆಗೆಯಬೇಕು?
— ಓದುಗರು, ಮೈಸೂರು

ಉತ್ತರ: ಹೆಚ್ಚುವರಿ ದೀಪಕ್ಕೆ ನಿಜವಾದ ಅಗತ್ಯ ಇರುವುದು ಇಂಥ ಕಡೆ. ಆದರೆ ಒಂದು ಬ್ರೇಕ್ ಲೈಟ್ ಮಾತ್ರ ಹಾಕಿದರೆ ಸಾಲದು. ಇಂಡಿಕೇಟರ್, ಪಾರ್ಕ್ ಲೈಟ್, ನಂಬರ್ ಪ್ಲೇಟ್ ಕೂಡ ಮರೆಯಾಗುತ್ತಿರುತ್ತವೆ. ಇವೆಲ್ಲವೂ ಇರುವ ದೀಪದ ಹಲಗೆಯನ್ನು ಕ್ಯಾರಿಯರ್‌ಗೆ ಕಟ್ಟಿ, ಸೈಕಲ್ ಇಳಿಸಿದಾಗ ಪ್ಲಗ್ ಕಿತ್ತು ತೆಗೆದಿಡುವಂತೆ ಮಾಡಿಸಿಕೊಳ್ಳಿ. ಕಾರಿನ ಮೂಲ ವೈರನ್ನು ಸುಲಿಯುವ ಬದಲು, ಮೂಲ ಕಪ್ಲರ್‌ಗಳ ನಡುವೆ ಕೂರುವ ಕವಲು ಕಪ್ಲರ್ ಬಳಸಿ. ಬ್ರೇಕ್ ಸಂಪರ್ಕವನ್ನು ಮೂರನೆಯ ದೀಪದ ಕಪ್ಲರ್‌ನಿಂದ ತೆಗೆದರೆ ಗೊಂದಲ ಕಡಿಮೆ, ಏಕೆಂದರೆ ಅಲ್ಲಿ ಬ್ರೇಕ್ ವೈರ್ ಮತ್ತು ಅರ್ಥ್ ಹೊರತು ಸಾಮಾನ್ಯವಾಗಿ ಬೇರೇನೂ ಇರುವುದಿಲ್ಲ. ಬದಿಯ ದೀಪಗಳಲ್ಲಾದರೆ ಒಂದೇ ಬಲ್ಬ್‌ನಲ್ಲಿ 21 ವ್ಯಾಟ್‌ನ ಬ್ರೇಕ್ ತಂತಿ, 5 ವ್ಯಾಟ್‌ನ ಪಾರ್ಕ್ ತಂತಿ ಎರಡೂ ಇದ್ದು, ತಪ್ಪು ವೈರ್ ಹಿಡಿಯುವುದು ಸುಲಭ. ವೈರಿನ ಬಣ್ಣವನ್ನು ನಂಬದೆ, ಬ್ರೇಕ್ ಒತ್ತಿಸಿ ಮಲ್ಟಿಮೀಟರ್‌ನಲ್ಲಿ ನೋಡಿ. ಹೊಸ ದೀಪಕ್ಕೆ ಅದರದೇ ಆದ 2 ಅಥವಾ 3 ಆಂಪಿಯರ್‌ನ ಫ್ಯೂಸನ್ನು ಕವಲಿನ ಬುಡದಲ್ಲೇ ಕೊಡಿ. ಆಗ ಹಲಗೆಯ ವೈರ್ ಶಾರ್ಟ್ ಆದರೂ ಕಾರಿನ ಮೂಲ ದೀಪಗಳು ಉಳಿಯುತ್ತವೆ. ಎಲ್‌ಇಡಿ ದೀಪವಾದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹತ್ತಿಸಿ ಆರಿಸುವ ಸ್ವಿಚ್) ಬೇಕಾಗುವುದಿಲ್ಲ. ಮೂಲ ದೀಪಗಳ ಮೇಲೆ ಕಂಪ್ಯೂಟರ್ ನಿಗಾ ಇಡುವ ಕಾರುಗಳಲ್ಲಿ ಮಾತ್ರ ತಯಾರಕರ ಟ್ರೇಲರ್ ವೈರಿಂಗ್ ಕಿಟ್ ಇದೆಯೇ ಎಂದು ಮೊದಲು ವಿಚಾರಿಸಿ.

ಪ್ರಶ್ನೆ: ಬ್ರೇಕ್ ಒತ್ತಿದಾಗ ಎಡಬದಿಯಲ್ಲಿ ಪಾರ್ಕ್ ಲೈಟ್, ಇಂಡಿಕೇಟರ್ ಎಲ್ಲವೂ ಮಂಕಾಗಿ ಉರಿಯುತ್ತವೆ. ಬ್ರೇಕ್ ಲೈಟ್ ಮಾತ್ರ ಸರಿಯಾಗಿ ಉರಿಯುವುದಿಲ್ಲ. ಬ್ರೇಕ್ ವೈರ್ ಬೇರೆ ಎಳೆಯಬೇಕೇ?
— ಓದುಗರು, ಉಡುಪಿ

ಉತ್ತರ: ಬೇಡ. ಆ ಬದಿಯ ಅರ್ಥ್ ಹೋಗಿದೆ. ಕಾರಿನ ಲೋಹದ ಬಾಡಿಯೊಳಕ್ಕೆ ಇಳಿಯಲು ದಾರಿ ಇಲ್ಲದ ಕರೆಂಟ್, ಪಕ್ಕದ ತಂತಿಗಳ ಮೂಲಕ ಹಿಮ್ಮುಖವಾಗಿ ಹರಿದು ಬೇರೆ ದೀಪಗಳನ್ನು ಉರಿಸುತ್ತಿದೆ. ಕರಾವಳಿಯ ಉಪ್ಪು ಗಾಳಿಗೆ ಅರ್ಥ್ ಬೋಲ್ಟ್ ತುಕ್ಕು ಹಿಡಿಯುವುದು ಸಾಮಾನ್ಯ. ಬೋಲ್ಟ್ ಬಿಚ್ಚಿ, ವೈರಿನ ತುದಿಯ ರಿಂಗನ್ನೂ ತಗಡನ್ನೂ ಉಪ್ಪುಕಾಗದದಿಂದ ಉಜ್ಜಿ, ಬಿಗಿ ಮಾಡಿ, ಮೇಲೆ ಸ್ವಲ್ಪ ಗ್ರೀಸ್ ಸವರಿ. ಬಲ್ಬ್ ಹೋಲ್ಡರ್‌ನ ಅರ್ಥ್ ಪಟ್ಟಿ ಸುಟ್ಟು ಕಪ್ಪಾಗಿದ್ದರೆ ಹೋಲ್ಡರ್ ಬದಲಿಸಿ.

ಪ್ರಶ್ನೆ: ಡಿಕ್ಕಿಯ ಮೇಲೆ ರೆಕ್ಕೆಯಂಥ ಸ್ಪಾಯ್ಲರ್ ಹಾಕಿಸಿದೆ, ಅದರಲ್ಲೂ ಒಂದು ಬ್ರೇಕ್ ಲೈಟ್ ಇದೆ. ಗಾಜಿನೊಳಗಿನ ಮೂಲ ದೀಪದ ವೈರ್ ಕಿತ್ತು ಸ್ಪಾಯ್ಲರ್‌ಗೆ ಕೊಡುತ್ತೇವೆ ಎನ್ನುತ್ತಾರೆ ಅಂಗಡಿಯವರು.
— ಓದುಗರು, ಕಲಬುರಗಿ

ಉತ್ತರ: ಸ್ಪಾಯ್ಲರ್ ಮೂಲ ದೀಪವನ್ನು ಮರೆಮಾಡುತ್ತಿಲ್ಲವಾದರೆ ಮೂಲ ದೀಪವನ್ನೇ ಉಳಿಸಿಕೊಂಡು, ಸ್ಪಾಯ್ಲರ್‌ನ ದೀಪಕ್ಕೆ ಸಂಪರ್ಕವನ್ನೇ ಕೊಡಿಸಬೇಡಿ. ಮರೆಮಾಡುತ್ತಿದ್ದರೆ, ನನ್ನ ಸಲಹೆ ಸ್ಪಾಯ್ಲರ್ ಬಿಚ್ಚಿಸುವುದು. ಅದು ಕಾರು ತಯಾರಕರದೇ ಬಿಡಿಭಾಗವಾಗಿದ್ದು, ಅದರ ಕಪ್ಲರ್ ಮೂಲ ವೈರಿಂಗ್‌ಗೆ ನೇರವಾಗಿ ಕೂರುವಂತಿದ್ದರೆ ಮಾತ್ರ ಬದಲಾವಣೆ ಮಾಡಿಸಿ. ಆಗ ಮೂಲ ದೀಪದ ಕಪ್ಲರನ್ನು ಕತ್ತರಿಸದೆ, ಮುಂದೆ ಮತ್ತೆ ಜೋಡಿಸಲು ಬರುವಂತೆ ಟೇಪ್ ಸುತ್ತಿ ಒಳಗೆ ಕಟ್ಟಿಡಲು ಹೇಳಿ.